ಮನೆವ್ಯಾನಿನಲ್ಲಿ ಗಿರಿಜಕ್ಕ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಷ್ಟು ಹೊತ್ತು ಮಾತ್ರ ಗಿರಿಜಕ್ಕ ಸುಮ್ಮನಿರುತ್ತಿದ್ದರು. ಬಾಯಿ ಖಾಲಿಯಾದ ಕೂಡಲೇ ಒಂದು ಪ್ರಶ್ನೆ ಹೊರಬೀಳುತ್ತಿತ್ತು. ರವಿಕೆಯ ಅಳತೆ ಕೊಡಲು ಬಂದ ಬ್ಯಾಂಕಿನ ಹೆಂಗಸಿಗೆ, "ನಿಮ್ಮ್ ಮಿಷಿನಿಗೆ ಹರ್ಕ್ ನೋಟ್ ಅಂದ್ ಹ್ಯಾಂಗ್ ಗೊತ್ತಾತ್ತ್?" ಎಂದು ಕೇಳಿದ್ದರು. ಅವರಿಗೂ ಗೊತ್ತಿರಲಿಲ್ಲ. "ದಿನಾ ಅದ್ರೆದ್ರೇ ಕೂಕಂತ್ರಿ, ಒಂದಿನ ಕೇಣಿ" ಎಂದು ಕಳುಹಿಸಿದರು.

ತೆಕ್ಕಟ್ಟೆಯಲ್ಲಿ ಹೆದ್ದಾರಿಯ ಬದಿಗೆ ಅವರದೊಂದು ಹೊಲಿಗೆ ಅಂಗಡಿ. ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ ಗಂಡ ತೀರಿಕೊಂಡ ಮೇಲೆ ಊರಿಗೆ ಬಂದವರು, ಹೊಲಿಗೆಯಲ್ಲೇ ಅರವತ್ತು ದಾಟಿದ್ದರು. ನಾನೂ ನನ್ನ ಗಂಡನೂ ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಬ್ರಹ್ಮಾವರದ ಗ್ಯಾರೇಜಿನಲ್ಲಿ ಅದರೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ, ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಯೋಚನೆ ಮಾಡಿದಾಗ ಪರದೆ, ಹಾಸಿಗೆಯ ಕವರು ಎಲ್ಲ ಹೊಲಿದುಕೊಟ್ಟದ್ದು ಅವರೇ.

ಕೊನೆಯ ಪರದೆ ಕಟ್ಟಲು ಬಂದ ದಿನ ಬೆಳಿಗ್ಗೆ, ವ್ಯಾನು ಕೇಳಿದ್ದ ಮೊದಲ ಗಿರಾಕಿಗಳು ಬರುವುದಿಲ್ಲವೆಂದು ಫೋನು ಮಾಡಿದ್ದರು. ಇನ್ನೊಂದು ಕುಟುಂಬ ಮಾತ್ರ ಮರುದಿನ ಹತ್ತು ಗಂಟೆಗೆ ಬೈಂದೂರಿನಲ್ಲಿ ಕಾಯುವುದಿತ್ತು. ನನ್ನ ಗಂಡ ಬೇರೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದ. ನಾನೇ ಓಡಿಸಿಕೊಂಡು ಹೋಗಬೇಕಿತ್ತು. ಬೇಸರದಲ್ಲಿ ಮೆಟ್ಟಿಲ ಮೇಲೆ ಕೂತಿದ್ದೆ.

"ಹೆಣೆ, ನೀ ಇದ್ರೊಳ್ಗ್ ಒಂದಿನ ಆರೂ ಮಲ್ಕಂಡಿದ್ಯಾ?" ಎಂದು ಗಿರಿಜಕ್ಕ ಕೇಳಿದರು.

ಇಲ್ಲವೆಂದೆ.

"ನೀನೇ ಮಲ್ಗದೇ ಇದ್ದ್ ಮಂಚ ಬೇರೆಯೋರಿಗ್ ಹ್ಯಾಂಗ್ ಕೊಡ್ತೆ? ನಾಳೆ ಬೈಂದೂರಿಗ್ ಹೋಯ್ಕಲ್ದಾ? ಇವತ್ತೇ ಹೋಪ. ನಾನೂ ಬತ್ತೆ."

ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಅಲ್ಲೇ ಯೋಜನೆ ತಯಾರಾಯಿತು. ನಾನು ಊರುಗಳ ಹೆಸರು ಬರೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಬರೆದದ್ದು ಒಂದೇ ಪ್ರಶ್ನೆ. ಮರವಂತೆಯಲ್ಲಿ ಸೌಪರ್ಣಿಕಾ ನದಿ ಸಮುದ್ರದ ಹತ್ತಿರವೇ ಬರುತ್ತದೆ, ನಡುವೆ ಇರುವುದು ಹೆದ್ದಾರಿಯೊಂದೇ. ಅಷ್ಟು ಹತ್ತಿರ ಬಂದ ಹೊಳೆ ಕಡಲು ಸೇರಲು ತಿರುಗಿಕೊಂಡು ಗಂಗೊಳ್ಳಿಯವರೆಗೆ ಏಕೆ ಹೋಗಬೇಕು? "ಬಸ್ಸಂಗ್ ಹೋಪತ್ತಿಗೆಲ್ಲ ಕಂಡದ್ದ್. ಇಳ್ದ್ ಕಾಂಬುಕೆ ಬಸ್ ನಿಲ್ಸೂದಿಲ್ಲೆ."

ತೆಕ್ಕಟ್ಟೆಯ ಅವರ ಮನೆಯಿಂದ ಕುಚ್ಚಲಕ್ಕಿ, ಉಪ್ಪಿನಕಾಯಿ, ಒಂದು ಸೀರೆ, ಹೊಲಿಗೆಯ ಡಬ್ಬಿ ಹೇರಿಕೊಂಡು ಹೊರಟೆವು. ಮರವಂತೆಯಲ್ಲಿ ವ್ಯಾನು ನಿಲ್ಲಿಸಿ ಗಂಜಿ ಬೇಯಲು ಇಟ್ಟೆವು. ಅದು ಬೇಯುವಷ್ಟರಲ್ಲಿ ಗಿರಿಜಕ್ಕ ಹೊಳೆಯಿಂದ ಕಡಲಿಗೆ ಹೆಜ್ಜೆ ಎಣಿಸಿಕೊಂಡು ಎರಡು ಸಲ ನಡೆದರು. ಎಣಿಕೆ ಎರಡು ಸಲವೂ ಬೇರೆ ಬೇರೆ ಬಂತು. ಲಾರಿಗೆ ದಾರಿ ಬಿಡಲು ಓಡಿದ್ದರಿಂದ ತಪ್ಪಿತು ಎಂದರು.

ಊಟವಾದ ಮೇಲೆ, ಹೊಳೆ ಕಡಲು ಸೇರುವ ಅಳಿವೆ ನೋಡಲು ಬಂದ ದಾರಿಯಲ್ಲೇ ಗಂಗೊಳ್ಳಿಯ ಕಡೆ ಹಿಂದಕ್ಕೆ ಹೋದೆವು. ಅಳಿವೆ ಇನ್ನೂ ಚೆನ್ನಾಗಿ ಕಾಣಲೆಂದು ನಾನು ವ್ಯಾನನ್ನು ಮರಳಿನ ಮೇಲೆ ಇಳಿಸಿದ್ದೇ ತಪ್ಪಾಯಿತು. ಹಿಂದಿನ ಚಕ್ರಗಳು ಅರ್ಧ ಹೂತುಹೋದವು. ಭರತದ ಹೊತ್ತು, ನೀರು ಏರುತ್ತಿತ್ತು. ಅಷ್ಟೂ ದುಡಿಮೆ ಕಣ್ಣೆದುರೇ ಉಪ್ಪುನೀರಿನ ಪಾಲಾಗುತ್ತದೆಂದು ನಾನು ಬರಿಗೈಯಲ್ಲೇ ಚಕ್ರದ ಸುತ್ತಿನ ಮರಳು ತೋಡತೊಡಗಿದೆ.

"ಹ್ವಾಯ್, ಒಂದ್ಸಲ ಬನ್ನಿಯೆ" ಎಂದು ಗಿರಿಜಕ್ಕ ದೋಣಿಗಳ ಕಡೆ ಕೂಗಿದರು. ಬಲೆ ಸರಿಮಾಡುತ್ತಿದ್ದ ನಾಲ್ಕು ಜನ ಬಂದರು. ಚಕ್ರದಡಿಗೆ ಹಾಕಿದ ತೆಂಗಿನ ಮಡಲು ಪುಡಿಯಾಯಿತು. ವ್ಯಾನು ಇನ್ನಷ್ಟು ಕುಸಿಯಿತು. ಆಗ ಗಿರಿಜಕ್ಕ ಒಳಗೆ ಹೋಗಿ, ನೆಲಕ್ಕೆಂದು ಮೂರು ದಿನ ಕೂತು ಹೊಲಿದಿದ್ದ ಎರಡು ದಪ್ಪ ಕ್ಯಾನ್ವಾಸ್ ಹಾಸುಗಳನ್ನು ಎಳೆದು ತಂದರು. ನಾನು ತಡೆಯಲು ಹೋದೆ.

"ಹೊಲ್ದದ್ ನಾನಲ್ದಾ? ಇನ್ನೊಂದ್ಸಲ ಹೊಲೂಕ್ ಬತ್ತ್. ನೀ ಹೋಯಿ ಗಾಡಿ ಚಾಲು ಮಾಡ್."

ಹಾಸು ಹರಿಯಿತು, ವ್ಯಾನು ಮೇಲೆ ಬಂತು. ನಾನು ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಇಳಿದಾಗ ಗಿರಿಜಕ್ಕ ತಳ್ಳಲು ಬಂದಿದ್ದ ಮುದುಕರೊಬ್ಬರಲ್ಲಿ ಹೊಳೆಯ ವಿಷಯ ವಿಚಾರಿಸುತ್ತಿದ್ದರು.

"ಹೊಳಿಗ್ ಎಂತ ಅವಸ್ರ ಇತ್ತ್ ಅಕ್ಕಾ? ಹೊಯ್ಗಿ ಎಲ್ಲ್ ದಾರಿ ಬಿಡುತ್ತೋ, ಅಲ್ಲ್ ಹೋತ್ತ್" ಎಂದರು ಅವರು ಕಾಲಡಿಯ ಮರಳು ತೋರಿಸಿ.

"ಇದ್ ಅರ್ಧ ಉತ್ರ" ಎಂದು ಗಿರಿಜಕ್ಕ ನನ್ನ ಕಿವಿಯಲ್ಲಿ ಹೇಳಿದರು. ಮುದುಕರಿಗೆ ಮಾತ್ರ ಕೈಮುಗಿದರು.

ಆ ರಾತ್ರಿ ಬೈಂದೂರಿನ ಪರಿಚಯದವರ ಅಂಗಳದಲ್ಲಿ ವ್ಯಾನು ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹರಿದ ಹಾಸನ್ನು ತೊಳೆದು ಒಣಗಲು ಹಾಕಿ, ದಿಂಬಿನ ಪಕ್ಕದ ಪರದೆಗೆ ಒಂದೊಂದು ಪುಟ್ಟ ಜೇಬು ಹೊಲಿಯುತ್ತ ಕೂತಿದ್ದರು. "ಮಲ್ಕಂಡ್ ಮೇಲೆ ಕನ್ನಡ್ಕ ಎಲ್ಲ್ ಇಡೂದ್ ಅಂದ್ ನೀ ಎಣ್ಸ್ಲೇ ಇಲ್ಲೆ." ಹತ್ತಕ್ಕೆ ಬಂದ ಕುಟುಂಬದ ಅಜ್ಜ ಮೊದಲು ಮೆಚ್ಚಿದ್ದು ಆ ಜೇಬನ್ನೇ.

ಎರಡು ವರ್ಷ ನಮ್ಮ ವ್ಯಾನಿನ ಹೊಲಿಗೆಯೆಲ್ಲ ಅವರದೇ ಕೈಯಲ್ಲಿತ್ತು. ಹೋದ ಮಳೆಗಾಲದ ಕೊನೆಗೆ ಕುಂದಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದಕ್ಕೆ ಮೂರು ದಿನ ಮೊದಲು ನೋಡಲು ಹೋಗಿದ್ದೆ. ದನಿ ಪೂರಾ ಇಳಿದಿತ್ತು. ಆದರೂ ಸಲೈನಿನ ಹನಿ ನಿಧಾನ ಬೀಳುವಂತೆ ಹೇಗೆ ಮಾಡುತ್ತೀರಿ ಎಂದು ನರ್ಸಮ್ಮನನ್ನು ಕೇಳುತ್ತಿದ್ದರು. ಅವಳು ನಗುತ್ತ ಕೊಳವೆಯ ಮೇಲಿನ ಸಣ್ಣ ಗಾಲಿಯನ್ನು ತಿರುಗಿಸಿ ತೋರಿಸಿದಳು. ಗಿರಿಜಕ್ಕನ ಕಣ್ಣು ಹನಿಯ ಮೇಲೇ ಇತ್ತು.

ಭೇಟಿಯ ಹೊತ್ತು ಮುಗಿಯಿತೆಂದು ಬಾಗಿಲ ಬಳಿಯಿಂದ ಯಾರೋ ಕರೆದರು. ಹೋಗಿ ಬರುತ್ತೇನೆ ಎಂದೆ.

"ಒಂದ್ ಗಳಿಗಿ ನಿಲ್ಲ್ ಹೆಣೆ," ಎಂದರು ನನ್ನ ಕಡೆ ತಿರುಗದೆ. "ಇದೊಂದ್ ಕಾಂಬ."

ನಾನು ಕೈಯಲ್ಲಿದ್ದ ಚೀಲ ಕೆಳಗಿಟ್ಟು ನಿಂತೆ.