ಮನೋಹರನ ಬೆಲ್ಲದ ಕಲ್ಲುಗಳು

ಮನೋಹರ ತೀರಿಕೊಂಡ ಮೂರನೇ ವಾರ ಅವನ ಮೇಜನ್ನು ಖಾಲಿ ಮಾಡುವ ಕೆಲಸ ಶರಣನ ಪಾಲಿಗೆ ಬಂತು. ಇಬ್ಬರೂ ಶಿರಸಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹದಿನೆಂಟು ವರ್ಷ ಒಂದೇ ಕೋಣೆಯಲ್ಲಿ ಕೂತವರು. ಇಬ್ಬರೂ ಕಲಿಸುತ್ತಿದ್ದುದು ಕಂಟ್ರೋಲ್ ಇಂಜಿನಿಯರಿಂಗ್, ಅಂದರೆ ಬಿಸಿ, ವೇಗಗಳನ್ನು ಬೇಕಾದ ಅಳತೆಗೆ ತಂದು ನಿಲ್ಲಿಸುವ ವಿದ್ಯೆ. ಡ್ರಾಯರಿನಲ್ಲಿ ಹದಿಮೂರು ಗಾಜಿನ ಶೀಷೆಗಳಿದ್ದವು. ಒಂದೊಂದರಲ್ಲೂ ಕಲ್ಲಿನಂಥ ಬೆಲ್ಲ. ಮೇಲೆ ಅಂಟಿಸಿದ ಚೀಟಿಯಲ್ಲಿ ಇಸವಿ, ಪಕ್ಕದಲ್ಲಿ ‘ಏಳು ಡಿಗ್ರಿ ಹೆಚ್ಚು’, ‘ಐದು ಡಿಗ್ರಿ ಹೆಚ್ಚು’.

ಮಂಚಿಕೇರಿಯ ಮನೋಹರ ಪ್ರತಿ ಫೆಬ್ರವರಿ ವಿದ್ಯಾರ್ಥಿಗಳನ್ನು ತ್ಯಾಗಲಿಯ ಕೆರಿಯಪ್ಪನ ಆಲೆಮನೆಗೆ ಕರೆದೊಯ್ಯುತ್ತಿದ್ದ. ಕಬ್ಬಿನ ಹಾಲನ್ನು ಸಣ್ಣ ಕೊಪ್ಪರಿಗೆಯಲ್ಲಿ ಕಾಯಿಸಿ, ನೂರ ಆರು ಡಿಗ್ರಿಗೆ ಸರಿಯಾಗಿ ನಿಲ್ಲಿಸಿದರೆ ತೆಳುವಾದ ಜೋನಿ ಬೆಲ್ಲ. ಮೀರಿದರೆ ಗಟ್ಟಿ. ಮನೋಹರನದು ಹದಿಮೂರು ಸಲವೂ ಮೀರಿತ್ತು. “ಇಷ್ಟು ವರ್ಷದಿಂದ ಕಂಟ್ರೋಲ್ ಕಲಿಸ್ತೆ ಮಾರಾಯ, ಬೆಲ್ಲಕ್ಕೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲೆ,” ಎಂದು ಅವನೇ ನಗುತ್ತಿದ್ದ.

ಶರಣ ಬೋರ್ಡಿನ ಮನುಷ್ಯ. ನಾಲ್ಕು ಬಣ್ಣದ ಸೀಮೆಸುಣ್ಣ, ಸ್ಕೇಲು ಹಿಡಿದು ಎಳೆದಂಥ ಗ್ರಾಫು. ಪಾಠ ಮುಗಿಸಿ “ಅರ್ಥ ಆತೇನು?” ಎಂದರೆ ನಲವತ್ತೊಂದು ತಲೆಗಳು ಒಟ್ಟಿಗೆ ಅಲ್ಲಾಡುತ್ತಿದ್ದವು. ಅದನ್ನೇ ಅವನು ತನ್ನ ಯಶಸ್ಸೆಂದು ನಂಬಿದ್ದ. ವಿಭಾಗದ ಸಭೆಯಲ್ಲಿ ವರ್ಷವೂ ಎದ್ದು ನಿಂತು, “ಈ ಆಲೆಮನೆ ಪಿಕ್ನಿಕ್ಕು, ಪ್ರಯೋಗ ಅಲ್ಲ,” ಎಂದು ಆಕ್ಷೇಪಿಸುತ್ತಿದ್ದ. ಸಭೆ ಮುಗಿದ ಮೇಲೆ ಅದೇ ಮನೋಹರನ ಸ್ಕೂಟರಿನ ಹಿಂದೆ ಕೂತು ಚಹಾಕ್ಕೆ ಹೋಗುತ್ತಿದ್ದ.

ಈಗ ಮನೋಹರನ ತರಗತಿ ಅವನಿಗೇ ಬಂದಿತ್ತು. ಮುಖ್ಯಸ್ಥರು ಒಂದು ಫಾರಂ ಕೊಟ್ಟು, “ಆಲೆಮನೆ ಪ್ರಯೋಗ ಮುಂದಿನ ವರ್ಷ ಇರಬೇಕೋ ಬೇಡವೋ, ನೀವೇ ಬರೆದುಕೊಡಿ. ಹೇಗೂ ನಿಮಗೆ ಇಷ್ಟವಿಲ್ಲವಲ್ಲ,” ಎಂದರು. ‘ಬೇಡ’ ಎಂದು ಬರೆಯಲು ಒಂದು ಕ್ಷಣ ಸಾಕಿತ್ತು. ಬರೆದರೆ ಮನೋಹರ ಕಾಲೇಜಿನಿಂದ ಇನ್ನೊಮ್ಮೆ ಹೋದಂತೆ. ಶರಣ ಫಾರಂ ಮಡಚಿ ಜೇಬಿಗಿಟ್ಟ. ಈ ಸಲ ತಾನೇ ಹೋಗುವುದು, ಲೆಕ್ಕ ಹಾಕಿ ಸರಿಯಾದ ಜೋನಿ ತೆಗೆಯುವುದು, ಗೆಳೆಯನ ಮಾನ ಉಳಿಸುವುದು ಎಂದು ತೀರ್ಮಾನಿಸಿದ. ಇಷ್ಟು ದೊಡ್ಡ ಅಹಂಕಾರವನ್ನು ದುಃಖದ ಹೆಸರಿನಲ್ಲಿ ಸಾಗಿಸಬಹುದೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಆಲೆಮನೆಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಆರು ಪುಟದ ಲೆಕ್ಕದೊಂದಿಗೆ ಹೋದ. ಕೊಪ್ಪರಿಗೆಯಲ್ಲಿ ಥರ್ಮಾಮೀಟರ್ ಇಳಿಬಿಟ್ಟರು. ಹಾಲು ಕುದಿಯಿತು, ಕೆಂಪಾಯಿತು. ನೂರೊಂದು. ನೂರೆರಡು.

“ಸರ್, ಈಗ ಬೆಂಕಿ ತೆಗೀರಿ,” ಎಂದಳು ರಕ್ಷಿತಾ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ.

“ಲೆಕ್ಕದಾಗ ಇನ್ನೂ ನಾಲ್ಕು ನಿಮಿಷ ಐತಿ, ತಡಿಯವಾ.”

ಕೆರಿಯಪ್ಪ ದೂರದಿಂದಲೇ ಕೂಗಿದ. “ಮಾಸ್ತರೆ, ಗುಳ್ಳೆ ನೋಡಿ, ಕಾಗದ ಎಂತ ನೋಡ್ತ್ರಿ?”

ಶರಣ ಕಾಗದವನ್ನೇ ನೋಡಿದ. ನೂರ ಆರು ತಲುಪಿದಾಗ ಗಾಬರಿಯಾಗಿ ಸೌದೆ ಎಳೆಸಿದ. ಬೆಂಕಿ ಹೊರಬಂತು, ಬಿಸಿ ಒಳಗೇ ಉಳಿಯಿತು. ಪಾದರಸ ಯಾರ ಮಾತೂ ಕೇಳದೆ ಏರಿತು. ನೂರಹದಿನೇಳು. ಸೌಟು ಬೆಲ್ಲದಲ್ಲಿ ನೆಟ್ಟಗೆ ನಿಂತಿತು. ಯಾರೋ ಹಿಂದೆ ಕಿಸಕ್ಕೆಂದರು. ಶರಣನ ಅಂಗಿಯ ಇಸ್ತ್ರಿ ಮಾತ್ರ ಕೆಟ್ಟಿರಲಿಲ್ಲ.

ಆಗ ಅವನಿಗೆ ಒಂದು ಸಮಾಧಾನ ಹೊಳೆಯಿತು. ಕೆರಿಯಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದ: “ಮನೋಹರ ಬೇಕಂತಲೇ ಕೆಡಿಸ್ತಿದ್ದ ಹೌದಲ್ರಿ? ಹುಡುಗರು ಕಲೀಲಿ ಅಂತ?”

ಕೆರಿಯಪ್ಪ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದ. “ಬೇಕಂತ ಎಂತಕ್ಕೆ ಕೆಡಿಸ್ತಾರೆ ಮಾರಾಯ್ರೆ? ಅವರಿಗೆ ಬರ್ತಿರ್ಲಿಲ್ಲ, ಅಷ್ಟೇಯ. ಪ್ರತಿ ಸಲ ಮುಖ ಸಣ್ಣ ಮಾಡ್ಕಂತಿದ್ರು. ಆಮೇಲೆ ಮಕ್ಕಳ ನಡುವೆ ಕೂತು, ‘ಎಲ್ಲಿ ತಪ್ಪಿದೆ, ಹೇಳಿ’ ಅಂತ ಕೇಳ್ತಿದ್ರು. ನೀವೂ ಕೇಳಿ. ನಿಮ್ದು ಅವರಿಗಿಂತ ದೊಡ್ಡ ತಪ್ಪು.”

ಹದಿನೆಂಟು ವರ್ಷದಲ್ಲಿ ಶರಣ ಆ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಕಬ್ಬಿನ ಸಿಪ್ಪೆಯ ಮೇಲೆ ಕೂತ. “ಎಲ್ಲಿ ತಪ್ಪಿದೆ ಹೇಳ್ರಿ,” ಎಂದ.

ರಕ್ಷಿತಾ ಅವನ ಆರು ಪುಟ ಇಸಿದುಕೊಂಡಳು. “ಸರ್, ಇಲ್ಲಿ ನೀವು ತಗೊಂಡದ್ದು ಹಸಿ ಹಾಲಿನ ಲೆಕ್ಕ. ಕೊನೆಗೆ ಅದು ಮಂದ ಆಗಿತ್ತು, ಬೇಗ ಏರ್ತದೆ.” ಇನ್ನೊಬ್ಬ, ಒಲೆಯ ಕಲ್ಲಿನ ಬಿಸಿ ಲೆಕ್ಕದಲ್ಲೇ ಇಲ್ಲ ಎಂದ. ಹಾಗಾದರೆ ಎಷ್ಟು ಮೊದಲು ತೆಗೆಯಬೇಕಿತ್ತು? ಒಬ್ಬ ಐದು ನಿಮಿಷ ಎಂದ, ಒಬ್ಬಳು ನಿಮಿಷವಲ್ಲ, ಏರುವ ವೇಗ ನೋಡಬೇಕು ಎಂದಳು. ಕೆರಿಯಪ್ಪ ತನ್ನ ದೊಡ್ಡ ಕೊಪ್ಪರಿಗೆಯ ಬೆಂಕಿಯನ್ನು ಎಲ್ಲರೂ ‘ಇನ್ನೂ ಆಗಿಲ್ಲ’ ಅನ್ನುವಾಗಲೇ ಎಳೆದ. ಹುಡುಗರು ಥರ್ಮಾಮೀಟರ್ ಹಿಡಿದು ಓಡಿದರು. ಪಾದರಸ ನೂರ ಆರಕ್ಕೆ ನಿಂತಿತು. ಗುರಿ ಮುಟ್ಟುವ ಮೊದಲೇ ತಡೆಯಬೇಕು: ಶರಣ ಎರಡು ತಾಸಿನ ಪಾಠದಲ್ಲಿ ಬೋರ್ಡಿನ ಮೇಲೆ ಹೇಳಿದ್ದೇ ಅದು. ಆಗ ಎಲ್ಲರೂ ತಲೆ ಅಲ್ಲಾಡಿಸಿದ್ದರು.

ಮರುದಿನ ಫಾರಂ ಬಿಡಿಸಿದ. ಫಲಿತಾಂಶದ ಎದುರು ‘ವಿಫಲ’ ಎಂದೂ ಶಿಫಾರಸಿನ ಎದುರು ‘ಮುಂದುವರಿಸತಕ್ಕದ್ದು’ ಎಂದೂ ಬರೆದ. ಮುಖ್ಯಸ್ಥರು ಎರಡು ಸಲ ಓದಿ ಸಹಿ ಮಾಡಿದರು.

ತನ್ನ ಬೆಲ್ಲ ತುಂಬಿದ ಹದಿನಾಲ್ಕನೇ ಶೀಷೆಗೆ ಚೀಟಿ ಅಂಟಿಸುವಾಗ ಹಳೆಯವನ್ನೆಲ್ಲ ನೋಡಿದ. ಮನೋಹರನ ಅತಿ ಕೆಟ್ಟ ವರ್ಷ ಒಂಬತ್ತು ಡಿಗ್ರಿ. ಶರಣನದು ಹನ್ನೊಂದು. ಇದನ್ನು ಕೇಳಿ ಮೇಜು ಗುದ್ದಿ ನಗಬೇಕಾದವನು ಒಬ್ಬನೇ. ಎದುರಿನ, ಮನೋಹರನ ಖಾಲಿ ಕುರ್ಚಿಯ ಕಡೆಗೆ ಶೀಷೆ ಎತ್ತಿ ತೋರಿಸಿದ ಮೇಲೆ, ಶರಣನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಾಯಿತು.