ಸಾಲಿನಲ್ಲಿ ಅಕ್ಕ, ಗೇಟಿನಾಚೆ ಡಬ್ಬಿ

ಅಂಗಳ ಸಾರಿಸಿದೆ. ಎಮ್ಮೆ ಹಿಂಡಿದೆ. ಬಿಸಿಲೇರುವ ಮೊದಲೇ ಶಾಲೆಗೆ ಹೋಗಿ ಮತ ಹಾಕಿ ಬಂದೆ. ಶೇಂಗಾ ಹುರಿದು ಬೆಳ್ಳುಳ್ಳಿಯಿಲ್ಲದ ಚಟ್ನಿ ಕುಟ್ಟಿದೆ. ಉಳ್ಳಾಗಡ್ಡಿ ಹಾಕದೆ ಹೆಸರುಕಾಳಿನ ಪಲ್ಯ ಮಾಡಿದೆ, ರೊಟ್ಟಿ ಬಡಿದೆ. ಸಾಂಗ್ಲಿಯಿಂದ ಅಕ್ಕ ಬರುವವಳಿದ್ದಳು.

ಅಕ್ಕನೆಂದರೆ ಒಡಹುಟ್ಟಿದವಳಲ್ಲ. ಉಗಾರ ಬುದ್ರುಕದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ್ದ ಜೈನರ ಮನೆಯವಳು. ಗಂಡ ಸಾಂಗ್ಲಿಯಲ್ಲಿ ಅಂಗಡಿ ಇಟ್ಟ ಮೇಲೆ ಅವಳೂ ಹೋದಳು. ಮತ ಮಾತ್ರ ಇನ್ನೂ ಇಲ್ಲೇ ಇತ್ತು. ಮುಂದಿನ ಚುನಾವಣೆಗೆ ಅದೂ ಅಲ್ಲಿಗೇ ಹೋಗುವುದಿತ್ತು. ಆಮೇಲೆ ಅವಳು ಯಾವ ನೆವದಿಂದ ಬರಬೇಕು?

ಮೊದಲೆಲ್ಲ ಚುನಾವಣೆ ಬಂತೆಂದರೆ ನಾವೊಂದಿಷ್ಟು ಹೆಣ್ಣುಮಕ್ಕಳು ಮನೆಮನೆ ತಿರುಗಿ ಮತ ಹಾಕಿರೆಂದು ಹೇಳುತ್ತಿದ್ದೆವು. ಯಾರಿಗೆ ಎಂದು ಹೇಳುತ್ತಿರಲಿಲ್ಲ. ನಾವು ಯಾವ ಪಕ್ಷದವರೂ ಅಲ್ಲ. ಯಾರಿಂದಲೂ ಏನೂ ತೆಗೆದುಕೊಳ್ಳಬಾರದು, ಯಾರಿಗೂ ಏನೂ ಕೊಡಬಾರದು ಎಂಬ ನಿಯಮ ಅಕ್ಕನದು.

"ಬಾವುಟಾ ಇಲ್ಲ, ಚಾ ಕುಡಿಯಂಗಿಲ್ಲ. ಬಿಸಲಾಗ ಯಾಕ ತಿರಗ್ತೀರಿ ವೈನಿ?" ಎಂದು ಜನ ನಗುತ್ತಿದ್ದರು.

"ನಿಮ್ಮನಿ ಚಾ ಅಷ್ಟೇನ ಚಲೋ ಇರೂದಿಲ್ಲ ಬಿಡ್ರಿ," ಎನ್ನುತ್ತಿದ್ದಳು ಅಕ್ಕ.

ಹೊತ್ತು ಮುಳುಗುವ ಮುಂಚೆ ಮನೆಗೆ ಮರಳುತ್ತಿದ್ದೆವು. ಹೊತ್ತು ಮುಳುಗಿದ ಮೇಲೆ ಅಕ್ಕ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ; ಅದು ಜೈನರ ನೇಮ.

ಈ ಸಲ ಅವಳ ಬಸ್ಸು ಕಾಗವಾಡದಲ್ಲಿ ಕೆಟ್ಟು ನಿಂತಿತಂತೆ. ಮತದಾನ ಮುಗಿಯುವ ಹೊತ್ತಿಗೆ ಅಕ್ಕ ನೇರವಾಗಿ ಶಾಲೆಗೇ ಬಂದು ಸಾಲಿನ ಕೊನೆಗೆ ಸೇರಿದಳೆಂದು ಗೊತ್ತಾಯಿತು. ಡಬ್ಬಿ ಹಿಡಿದು ಓಡಿದೆ. ಸಾಲು ಗೇಟಿನವರೆಗೂ ಇತ್ತು.

"ಅಕ್ಕಾ, ಎರಡ ತುತ್ತ ತಿನ್ನ. ಹೊತ್ತ ಮುಳಗಾಕತ್ತೈತಿ."

"ಸೆರಗಿನಾಗ ಮುಚ್ಚ ಅದನ್ನ! ಸಾಲಾಗ ಊಟಾ ಕೊಟ್ರ ಯಾ ಪಾರ್ಟಿದು ಅಂತ ಕೇಳ್ತಾರ."

"ನಾ ಬಡದಿದ್ದ ರೊಟ್ಟಿಗೆ ಪಾರ್ಟಿ ಎಲ್ಲೀದ?"

"ನನಗ ಗೊತ್ತೈತಿ. ಮಂದಿಗೆ ಗೊತ್ತಿರಬೇಕಲ್ಲ?"

ಅವಳ ಹಿಂದೆ ನಿಂತವ ಕತ್ತು ಚಾಚಿದ. "ನನಗರೆ ಕೊಡ್ರಿ ಅಕ್ಕಾರ. ನನಗ ಯಾ ಪಾರ್ಟೀದಾದ್ರೂ ನಡೀತೈತಿ."

ಸಾಲೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. "ಹಂಗಾರ ಸಾಲ ಬಿಟ್ಟ ಬಾ ಅಕ್ಕಾ. ಮನ್ಯಾಗ ಉಣ್ಣುವಂತಿ."

"ಬಿಟ್ರ ಮತ್ತ ಒಳಗ ಬಿಡೂದಿಲ್ಲ, ಹುಚ್ಚಿ. ಇಷ್ಟ ವರ್ಷ ಮಂದಿಗೆ ಹೇಳಿ, ಈಗ ನಾನ ಉಣ್ಣಾಕ ಹೋಗ್ಲ್ಯಾ?"

ಗೇಟಿನಾಚೆ ನಿಂತೆ. ಕಬ್ಬಿನ ಗದ್ದೆಯ ಹಿಂದೆ ಸೂರ್ಯ ಇಳಿದ. ಅಕ್ಕನೂ ಒಮ್ಮೆ ಅತ್ತ ನೋಡಿ, ಒಂದು ಹೆಜ್ಜೆ ಮುಂದೆ ಹೋದಳು.

ಬೆರಳಿಗೆ ಮಸಿ ಹಚ್ಚಿಸಿಕೊಂಡು ಅವಳು ಹೊರಬಂದಾಗ ಬೀದಿದೀಪಗಳು ಹತ್ತಿದ್ದವು. ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆ, ಮೊದಲ ಬಸ್ಸಿಗೇ ಅವಳು ಹೊರಡಬೇಕು. ಅವಳು ತಂಗಳು ತಿನ್ನುವವಳೂ ಅಲ್ಲ.

ಆ ರೊಟ್ಟಿ, ಪಲ್ಯ, ಚಟ್ನಿಯನ್ನು ನಾನೂ ನಮ್ಮವರೂ ಉಂಡೆವು. ಅವರು ಉಳ್ಳಾಗಡ್ಡಿ ಕೇಳಲಿಲ್ಲ. ಕೈ ತೊಳೆದು, ಇಷ್ಟು ದಿನದ ಮಾತೆಲ್ಲ ಹೊತ್ತು ಅಕ್ಕನ ಮಗ್ಗುಲಿಗೆ ಚಾಪೆ ಹಾಸಿದೆ. ಅವಳು ಆಗಲೇ ನಿದ್ದೆ ಹೋಗಿದ್ದಳು.