ಸಾಕು ಅಂದರೂ ನಿಲ್ಲಿಸಲಿಲ್ಲ

೧೯೩೪ನೇ ಇಸವಿಯ ಬೇಸಿಗೆ. ಹಳ್ಳಿಯ ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರನ್ನು ಆರಿಸಲು ಕೃಷ್ಣರಾಜಪೇಟೆಯಲ್ಲಿ ಪರೀಕ್ಷೆ ಇಟ್ಟಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನನಗೆ ಹಳಗನ್ನಡ ಓದಿಸಿ ಅಂಕ ಹಾಕುವ ಕೆಲಸ ಕೊಟ್ಟಿದ್ದರು. ಆಗ ನನಗೆ ಮೂವತ್ತೂ ತುಂಬಿರಲಿಲ್ಲ. ಯಾರು ಬಂದು ಎದುರಿಗೆ ಕೂತರೂ ಎರಡೇ ಮಾತಿಗೆ ಅವರ ಯೋಗ್ಯತೆ ಅಳೆದುಬಿಡ್ತೀನಿ ಅನ್ನೋ ಜಂಭ ಬೇರೆ!

ಅಕ್ಕಿಹೆಬ್ಬಾಳಿನಿಂದ ಪುಟ್ಟತಾಯಮ್ಮ ಅಂತ ಒಬ್ಬ ವಿಧವೆ ಬಂದಿದ್ದರು. ಒಕ್ಕಲು ಮನೆತನ. ಅಣ್ಣ ಗಾಡಿ ಕಟ್ಟಿಕೊಂಡು ಕರೆತಂದಿದ್ದ. ಈ ಕೆಲಸ ಸಿಕ್ಕರೆ ಅವನ ಮನೆಯ ಅನ್ನದ ಹಂಗು ತಪ್ಪುತ್ತೆ ಅನ್ನೋದು ಆಕೆಯ ಆಸೆ.

ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಗೋಳಾಡುವ ಪದ್ಯಗಳನ್ನು ಓದಲು ಕೊಟ್ಟೆ. ಎಂಥ ಓದು ಅಂತೀರಿ! ನಾಲ್ಕು ಪದ್ಯ ಆದಮೇಲೆ, "ಸಾಕು, ಅರ್ಥ ಹೇಳಿ" ಅಂದೆ. ಆಕೆ ನಿಲ್ಲಿಸಲಿಲ್ಲ. "ಏನಮ್ಮಾ, ಕಿವಿ ಕೇಳಿಸೋದಿಲ್ವೇ?" ಅಂತ ಮೇಜು ಕುಟ್ಟಿದೆ. ಆದರೂ ಆಕೆ ಹಾಳೆ ಮಗುಚಿ ಮಗುಚಿ, ಕೊನೆಯಲ್ಲಿ ಆ ಮಗ ಮತ್ತೆ ಬದುಕಿ ಏಳುವ ಪದ್ಯ ಹುಡುಕಿ ಓದಿ, ಪುಸ್ತಕ ಕಣ್ಣಿಗೊತ್ತಿಕೊಂಡು ಎದ್ದು ಹೋದರು.

ನನಗೆ ಮೈಯೆಲ್ಲ ಉರಿಯಿತು. "ಹೇಳಿದ ಮಾತು ಕೇಳುವುದಿಲ್ಲ. ಪಾಠ ಹೇಳಲು ಅಯೋಗ್ಯಳು" ಅಂತ ಬರೆದು ಫೇಲ್ ಮಾಡಿದೆ.

ಹದಿನೈದು ದಿನದ ಮೇಲೆ ಸಂತೆಯಲ್ಲಿ ಆಕೆಯ ಅಣ್ಣ ಸಿಕ್ಕಿದ. "ಏನ್ ಸ್ವಾಮಿ, ನಮ್ಮ ತಾಯವ್ವುನ್ನ ಫೇಲ್ ಮಾಡ್ಬುಟ್ರಲ್ಲಾ" ಅಂದ. ಕಾರಣ ಹೇಳಿದೆ.

"ಅಯ್ಯೋ, ಅದುಕ್ಕಾ! ಸಾವಿನ ತಾವ ಓದು ನಿಲ್ಲಿಸ್ಬಾರ್ದು, ಮಗ ಏಳೋಗಂಟ ಓದಿ ಪುಸ್ತಕ ಮುಚ್ಬೇಕು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ರು. ಎರಡು ವರ್ಸದ ಕೆಳ್ಗೆ ಇವ್ಳು ಅದ್ನೇ ಓದ್ತಾ ಕುಂತಿದ್ಲು. ಮಗೀಗೆ ಜ್ವರ ಜೋರಾಯ್ತು ಅಂತ ಅತ್ತೆ ಕೂಗುದ್ರು. ಪುಸ್ತಕ ಅಂಗೇ ಮುಚ್ಚಿ ಎದ್ದೋದ್ಳು. ಮಗ ಉಳೀಲಿಲ್ಲ ಸ್ವಾಮಿ. ನಾನೇ ಅಲ್ಲಿ ನಿಲ್ಲಿಸ್ಬುಟ್ಟೆ ಕಣಣ್ಣಾ ಅಂತ ಇವತ್ಗೂ ಅಳ್ತಾಳೆ."

ಸಂತೆಯಿಂದಲೇ ಪರೀಕ್ಷೆಯ ಕಚೇರಿಗೆ ಓಡಿದೆ. ಪಟ್ಟಿ ಮೇಲಕ್ಕೆ ಹೋಗಿಯಾಗಿತ್ತು. ಬರೆದಿದ್ದನ್ನು ತಿದ್ದುವ ಹಾಗಿಲ್ಲ ಅಂದರು.

ಆ ಭಾನುವಾರವೇ ಅಕ್ಕಿಹೆಬ್ಬಾಳಿಗೆ ಹೋದೆ. ಪುಟ್ಟತಾಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. "ನನ್ನಿಂದ ತಪ್ಪಾಯ್ತಮ್ಮಾ" ಅಂದೆ.

"ನಾನು ತಪ್ಪು ಓದುದ್ನಾ ಸ್ವಾಮಿ?"

"ಒಂದಕ್ಷರವೂ ತಪ್ಪಿರಲಿಲ್ಲ."

"ಅಂಗಾದ್ರೆ ಬುಡಿ. ಈ ಸಲ ಮಗ ಎದ್ದಮ್ಯಾಕೆ ಮುಚ್ಚುದ್ನಲ್ಲಾ, ಸಾಕು" ಅಂದು ಮಜ್ಜಿಗೆ ತಂದುಕೊಟ್ಟರು.

ಆಕೆ ಮತ್ತೆ ಪರೀಕ್ಷೆಗೆ ಬರಲೇ ಇಲ್ಲ. ಆರು ವರ್ಷವಾಯಿತು. ಈಗ ಯಾರನ್ನಾದರೂ ಫೇಲ್ ಮಾಡುವ ಮುಂಚೆ ಕಾರಣ ಕೇಳುತ್ತೇನೆ. ಅರ್ಥ ಹೇಳಿ ಅಂತ ಆಕೆಯನ್ನು ಗದರಿಸಿದ್ದೆನಲ್ಲ, ಆ ಪದ್ಯದ ಅರ್ಥ ನನಗೇ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಆ ಭಾಗ ಬಂದಾಗ ಗಂಟೆ ಹೊಡೆದರೂ ಬಿಡುವುದಿಲ್ಲ. ಹುಡುಗರು ಗೊಣಗುತ್ತಾರೆ, ಗೊಣಗಲಿ. ಆ ಮಗ ಎದ್ದು ಕೂರುವವರೆಗೆ ನಾನು ಪುಸ್ತಕ ಮುಚ್ಚುವುದಿಲ್ಲ.